ಹಳೇ ಝಡ್420: ಐದು ಬೀಪ್‌ಗೆ 22 ಸಾವಿರ ಕೊಡಬೇಡಿ

ಸರ್, ಅಂಗಡಿಯವರು ಹೇಳಿದ 22 ಸಾವಿರ ಈಗಲೇ ಕೊಡಬೇಡಿ. ಹಾಗಂತ ಮಷೀನನ್ನು ಗುಜರಿಗೂ ಹಾಕಬೇಡಿ.

ನೀವು ಬರೆದಿರುವುದು ಇಷ್ಟು. ಆಫೀಸೊಂದು ಮಾರಿದ ಎಚ್‌ಪಿ ಝಡ್420 ಅನ್ನುವ ವರ್ಕ್‌ಸ್ಟೇಷನ್ ಕಂಪ್ಯೂಟರ್. ಝಿಯಾನ್ ಇ5-1620 ಪ್ರೊಸೆಸರ್, 4 ಜಿಬಿಯ ನಾಲ್ಕು ರ‍್ಯಾಮ್, ಕ್ವಾಡ್ರೋ ಕೆ2000 ಗ್ರಾಫಿಕ್ಸ್ ಕಾರ್ಡ್, ಹಳೇ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ಕೆಂಪು ಲೈಟ್ ಮಿನುಗಿ ಐದು ಬೀಪ್ ಬರುತ್ತದೆ, ಮಾನಿಟರ್ ಕಪ್ಪು. ಮನೆಯಲ್ಲೇ ಮದುವೆ ಆಲ್ಬಮ್ ಡಿಸೈನ್, ಸ್ವಲ್ಪ ವಿಡಿಯೋ ಎಡಿಟಿಂಗ್ ಮಾಡಬೇಕು. ಅಂಗಡಿಯವರು ಬೋರ್ಡ್ ರಿಪೇರಿ, ಬೇರೆ ಪ್ರೊಸೆಸರ್, 32 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿದ್ದಾರೆ.

ಈ ಸರಣಿಯಲ್ಲಿ ಐದು ಬೀಪ್ ಅಂದರೆ ರ‍್ಯಾಮ್ ತೊಂದರೆ. ಆರು ಬಂದರೆ ಗ್ರಾಫಿಕ್ಸ್, ಏಳು ಬಂದರೆ ಮದರ್‌ಬೋರ್ಡ್. ನಿಮಗೆ ಐದು ಬೀಪ್‌ಗೆ ಏಳು ಬೀಪ್‌ನ ಬಿಲ್ ಹಾಕಿದ್ದಾರೆ ಅನ್ನಿಸುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು, ಖರ್ಚಿಲ್ಲ.

ಪವರ್ ಕೇಬಲ್ ಕಿತ್ತು, ಆನ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಪಕ್ಕದ ಬಾಗಿಲಿನ ಹಿಡಿ ಎಳೆದರೆ ತೆರೆಯುತ್ತದೆ, ಸ್ಕ್ರೂಡ್ರೈವರ್ ಬೇಡ. ಪ್ರೊಸೆಸರ್‌ನ ಎರಡೂ ಕಡೆ ನಾಲ್ಕು ನಾಲ್ಕು ರ‍್ಯಾಮ್ ಸ್ಲಾಟ್ ಕಾಣುತ್ತವೆ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಸ್ಲಾಟ್ ಒಳಗಿನ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಈಗ ಒಂದೇ ಒಂದು ರ‍್ಯಾಮ್ ಹಾಕಿ. ಯಾವ ಸ್ಲಾಟ್ ಮೊದಲು ಅನ್ನುವ ಚಿತ್ರ ಬಾಗಿಲಿನ ಒಳಬದಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಎರಡೂ ಕಡೆಯ ಕ್ಲಿಪ್ ಟಕ್ ಅಂತ ಕೂರಬೇಕು. ಆನ್ ಮಾಡಿ ನೋಡಿ. ಬೀಪ್ ಬಂದರೆ ಅದನ್ನು ತೆಗೆದು ಇನ್ನೊಂದು. ಹೀಗೆ ನಾಲ್ಕನ್ನೂ ಒಂದೊಂದಾಗಿ. ಸಾಮಾನ್ಯವಾಗಿ ಒಂದು ರ‍್ಯಾಮ್ ಹೋಗಿರುತ್ತದೆ, ಇಲ್ಲವೇ ಒಂದು ಸ್ಲಾಟ್.

ನಾಲ್ಕೂ ರ‍್ಯಾಮ್ ಯಾವ ಸ್ಲಾಟ್‌ನಲ್ಲೂ ಕೆಲಸ ಮಾಡದಿದ್ದರೆ ಮಾತ್ರ ಪ್ರೊಸೆಸರ್ ಕೆಳಗಿನ ಸಾಕೆಟ್ ಕಡೆ ಅನುಮಾನ. ರ‍್ಯಾಮ್ ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಸಾಕೆಟ್‌ನಲ್ಲಿ ಒಂದು ಪಿನ್ ಬಾಗಿದ್ದರೂ ಇದೇ ಬೀಪ್ ಬರಬಹುದು. ಬೋರ್ಡೇ ಹೋಗಿದೆ ಅಂತ ಖಚಿತವಾದರೆ ಅಲ್ಲಿಗೆ ನಿಲ್ಲಿಸಿ. ಬೋರ್ಡೂ ಪವರ್ ಸಪ್ಲೈಯೂ ಎಚ್‌ಪಿಯದೇ ವಿನ್ಯಾಸ, ಕನೆಕ್ಟರ್ ಬೇರೆ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ನೇರವಾಗಿ ಕೂರುವುದಿಲ್ಲ.

ಮಷೀನ್ ಆನ್ ಆಯಿತು ಅಂತ ಇಟ್ಟುಕೊಳ್ಳಿ. ಆಮೇಲೆ ದುಡ್ಡು ಎಲ್ಲಿ ಹಾಕಬೇಕು? ನಾನು ನೋಡುವುದು ಒಂದೇ: ಈ ಭಾಗ ಮುಂದಿನ ಕಂಪ್ಯೂಟರ್‌ಗೂ ಬರುತ್ತದಾ? ಎಸ್‌ಎಸ್‌ಡಿ ಬರುತ್ತದೆ, ಗ್ರಾಫಿಕ್ಸ್ ಕಾರ್ಡ್ ಬರುತ್ತದೆ, ಮಾನಿಟರ್ ಬರುತ್ತದೆ. ಅವಕ್ಕೆ ಧಾರಾಳವಾಗಿ ಹಾಕಿ. ಡಿಡಿಆರ್3 ರ‍್ಯಾಮ್, ಹಳೇ ಝಿಯಾನ್, ಎಚ್‌ಪಿ ಪವರ್ ಸಪ್ಲೈ ಈ ಡಬ್ಬದ ಜೊತೆಗೇ ಹೋಗುವ ವಸ್ತುಗಳು. ಅವಕ್ಕೆ ಎಲ್ಲ ಸೇರಿ ಮೂರು ಸಾವಿರ ದಾಟಿದರೆ ನಾನಾದರೆ ಕೈ ಬಿಡುತ್ತೇನೆ.

ಎಸ್‌ಎಸ್‌ಡಿ ಮೊದಲು. ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಕೂರುವ ಸಾಟಾ ಎಸ್‌ಎಸ್‌ಡಿಯೇ ತಗೊಳ್ಳಿ. ಈ ಮಷೀನಿನ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಎನ್‌ವಿಎಂಇ ಅನ್ನುವ ಹೊಸ ಬಗೆಯ ಎಸ್‌ಎಸ್‌ಡಿಯಿಂದ ನೇರವಾಗಿ ಬೂಟ್ ಆಗುವುದಿಲ್ಲ. ಚಿಪ್‌ಸೆಟ್‌ನ ಸಾಟಾ ಪೋರ್ಟ್‌ಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್‌ನವು, ಬೋರ್ಡ್ ಮೇಲಿನ ಬರಹ ನೋಡಿ ಅದಕ್ಕೇ ಹಾಕಿ. ರ‍್ಯಾಮ್ ಬೇಕಾದರೆ ಸೆಕೆಂಡ್‌ಹ್ಯಾಂಡ್ ಸಾಕು, ಆದರೆ ಈಗ ಇರುವುದರ ಸ್ಟಿಕ್ಕರ್ ಫೋಟೋ ಅಂಗಡಿಯವರಿಗೆ ತೋರಿಸಿ. ಸರ್ವರ್‌ನಿಂದ ಬಿಚ್ಚಿದ ರಿಜಿಸ್ಟರ್ಡ್ ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಅನ್‌ಬಫರ್ಡ್ ಅನ್ನುವ ಇನ್ನೊಂದು ಬಗೆಯ ಜೊತೆ ಬೆರೆಸಿದರೆ ಮಷೀನ್ ಏಳುವುದೇ ಇಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ "ಡಿಡಿಆರ್3 ಕೊಡಿ" ಅಂತ ಮಾತ್ರ ಕೇಳಿದರೆ ಯಾವುದನ್ನು ಕೊಡುತ್ತಾರೋ ದೇವರೇ ಬಲ್ಲ.

ಪ್ರೊಸೆಸರ್ ಬದಲಾವಣೆ ನನಗೆ ಬೇಡ ಅನ್ನಿಸುತ್ತದೆ. ಮಾಡಲೇಬೇಕು ಅಂದರೆ ಮೊದಲು ಬಯೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದು ಬೂಟ್ ಬ್ಲಾಕ್ ಡೇಟ್ (ಬಯೋಸ್‌ನ ಮೂಲ ಭಾಗದ ತಾರೀಖು) ನೋಡಿ. 2011 ಇದ್ದರೆ ಇ5-1650 ವಿ2 ತರಹದ ಎರಡನೇ ಆವೃತ್ತಿಯ ಪ್ರೊಸೆಸರ್ ನಡೆಯುವುದಿಲ್ಲ. 2013 ಇದ್ದರೆ ನಡೆಯುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದರೂ ಈ ತಾರೀಖು ಬದಲಾಗುವುದಿಲ್ಲ. ನಿಮ್ಮದು ವಿ2 ಅಲ್ಲದ 1620 ಆದ್ದರಿಂದ 2011 ಇರುವ ಸಾಧ್ಯತೆ ಜಾಸ್ತಿ. ಅಂಗಡಿಯವರು ಇದನ್ನು ನೋಡಿದ್ದಾರಾ ಅಂತ ಕೇಳಿ. ಮಷೀನ್ ಆನ್ ಆಗದೆ ನೋಡೋಕೆ ಆಗುವುದಿಲ್ಲ ಅಲ್ವಾ?

ಇನ್ನು ನಿಮ್ಮ ಕೆಲಸ. ಆಲ್ಬಮ್ ಡಿಸೈನ್‌ಗೆ, ಈಗ ನಿಮ್ಮ ಹತ್ತಿರ ಇರುವ ಫೋಟೋಶಾಪ್ ಆವೃತ್ತಿಯಲ್ಲೇ ಮಾಡುವುದಾದರೆ, ಎಸ್‌ಎಸ್‌ಡಿ ಮತ್ತು 32 ಜಿಬಿ ಹಾಕಿದ ಈ ಮಷೀನ್ ಆರಾಮಾಗಿ ಸಾಕು. ವಿಡಿಯೋದಲ್ಲೇ ಪೇಚಾಟ. ಈಗಿನ ಮೊಬೈಲ್, ಕ್ಯಾಮೆರಾಗಳ ಎಚ್‌ಇವಿಸಿ (ವಿಡಿಯೋವನ್ನು ಹೆಚ್ಚು ಕುಗ್ಗಿಸಿಡುವ ಬಗೆ) ಫೈಲ್ ಬಿಡಿಸಲು ಈ ಝಿಯಾನ್‌ನಲ್ಲಿ ವ್ಯವಸ್ಥೆ ಇಲ್ಲ, ಕೆ2000ದಲ್ಲೂ ಇಲ್ಲ. ಟೈಮ್‌ಲೈನ್ ತಡವರಿಸುತ್ತದೆ. ಕೆ2000ಗೆ ಎನ್‌ವಿಡಿಯಾ ಡ್ರೈವರ್ 470 ಸರಣಿಗೇ ನಿಂತಿದೆ, ಅದರ ನಂತರದ್ದು ಬರುವುದಿಲ್ಲ. ಜಿಟಿಎಕ್ಸ್ 1650 ಹಾಕಿದರೆ ಎಚ್‌ಇವಿಸಿ ಕಷ್ಟ ಬಹುಪಾಲು ತೀರುತ್ತದೆ. 75 ವ್ಯಾಟ್‌ನ ಕಾರ್ಡ್, ಹೆಚ್ಚುವರಿ ಪವರ್ ಕೇಬಲ್ ಬೇಡದ ಮಾದರಿ ಹುಡುಕಿ.

ಆದರೆ ಕಾರ್ಡ್ ಹಾಕಿದರೂ ತೀರದ ಎರಡು ವಿಷಯಗಳಿವೆ. ನಿಮ್ಮ ಝಿಯಾನ್ ಕಾಲದ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್2 (ಲೆಕ್ಕ ಬೇಗ ಮಾಡುವ ಆದೇಶಗಳ ಗುಂಪು) ಇಲ್ಲ, ಹೊಸ ಪ್ರೀಮಿಯರ್ ಪ್ರೊ ಅದನ್ನು ಕೇಳುತ್ತದೆ. ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿ, ಕೆಡೆನ್‌ಲೈವ್ ಅನ್ನುವ ಉಚಿತ ವಿಡಿಯೋ ಎಡಿಟರ್‌ನಲ್ಲಿ ಎಡಿಟ್ ಮಾಡಲು ತಯಾರಿದ್ದರೆ ಇದು ಇನ್ನೂ ಕೆಲವು ವರ್ಷ ಓಡುತ್ತದೆ. ಅಡೋಬಿಯ ಹೊಸ ಆವೃತ್ತಿಯೇ ಬೇಕು ಅಂದರೆ ಇಲ್ಲಿ ಹಾಕುವ ದುಡ್ಡು ನೀರಿನಲ್ಲಿ ಹೋಮ.

ಹಾಗಿದ್ದಾಗ ಇದನ್ನು ಹೋಲಿಸಬೇಕಾದ್ದು ಹೊಸ ಕಂಪ್ಯೂಟರ್ ಜೊತೆ ಅಲ್ಲ. ಎಂಟನೇ ತಲೆಮಾರಿನ ಐ5 ಇರುವ ಸೆಕೆಂಡ್‌ಹ್ಯಾಂಡ್ ಆಫೀಸ್ ಟವರ್ ಜೊತೆ. ಅದಕ್ಕೆ ವಿಂಡೋಸ್ 11 ಬರುತ್ತದೆ, ಎವಿಎಕ್ಸ್2 ಇದೆ, ಎಚ್‌ಇವಿಸಿ ಬಿಡಿಸುವುದು ಪ್ರೊಸೆಸರ್ ಒಳಗೇ ಇದೆ. ಕರೆಂಟೂ ಕಡಿಮೆ. ನಿಮ್ಮ 1620 ಒಂದೇ 130 ವ್ಯಾಟ್‌ನದು. ಇಡೀ ಮಷೀನ್ ಸರಾಸರಿ 150 ವ್ಯಾಟ್ ಎಳೆದರೆ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್‌ನ ಅಂಚಿನಲ್ಲಿದ್ದರೆ ಅದನ್ನೂ ಯೋಚಿಸಿ, ದಾಟಿದರೆ ಪೂರ್ತಿ ಬಿಲ್.

ಈಗ ರ‍್ಯಾಮ್ ಒಂದೊಂದಾಗಿ ಹಾಕಿ ನೋಡಿ. ಆನ್ ಆದರೆ ಬೂಟ್ ಬ್ಲಾಕ್ ತಾರೀಖು ಕಾಣುವ ಹಾಗೆ ಬಯೋಸ್ ಪರದೆಯ ಫೋಟೋ, ರ‍್ಯಾಮ್ ಸ್ಟಿಕ್ಕರ್ ಫೋಟೋ ಎರಡನ್ನೂ ಇಲ್ಲೇ ಹಾಕಿ. ಅಂಗಡಿಯವರ ಹತ್ತಿರ ಒಂದೊಂದು ಭಾಗದ ಬೆಲೆ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. "ಬೋರ್ಡ್ ರಿಪೇರಿ" ಅನ್ನುವ ಸಾಲಿಗೆ ಎಷ್ಟು ಹಾಕಿದ್ದಾರೆ ಅಂತ ನೋಡುವ ಕುತೂಹಲ ನನಗಿದೆ.