ಬಾಗಿಲ ಹೊರಗಿಟ್ಟ ಶೂ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕತೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಕಾರವಾರದ ಹೆಣ್ಣುಮಗಳು. ಗಂಡನ ಕೆಲಸಕ್ಕಾಗಿ ಜರ್ಮನಿಗೆ ಹೋಗಿ ಎರಡು ವರ್ಷ. ಐದು ವರ್ಷದ ಮಗಳಿದ್ದಾಳೆ. ಶಿರಸಿಯಲ್ಲಿ ಕೂತ ನನಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಮೊದಲು ಹೇಳಿದ್ದು "ನಿದ್ದೆ ಬರ್ತಿಲ್ಲ ಮೇಡಂ" ಅಂತ. ನಿದ್ದೆಯ ಮಾತು ಹತ್ತು ನಿಮಿಷಕ್ಕೆ ಮುಗಿಯಿತು. ಶೂ ವಿಷಯ ಬಂದಾಗ ಅತ್ತುಬಿಟ್ಟರು.

ಡಿಸೆಂಬರ್ 5ರ ರಾತ್ರಿ ಅಲ್ಲಿ ಮಕ್ಕಳು ಶೂ ಒರೆಸಿ ಬಾಗಿಲ ಹೊರಗೆ ಇಡುತ್ತಾರೆ. ರಾತ್ರಿ ಸಂತ ನಿಕೋಲಸ್ ಬಂದು ಚಾಕೊಲೇಟ್, ಕಿತ್ತಳೆ ಹಣ್ಣು ಹಾಕಿ ಹೋಗುತ್ತಾನೆ ಅಂತ ನಂಬಿಕೆ. ಇವರಿಗೆ ಗೊತ್ತಿರಲಿಲ್ಲ. ಹೊರಗಿದ್ದ ಶೂಗಳನ್ನೂ ಒಳಗೆ ತಂದು ಜೋಡಿಸಿಟ್ಟಿದ್ದರು. ಮರುದಿನ ಮಗಳು ಕಿಂಡರ್‌ಗಾರ್ಟನ್‌ನಿಂದ ಬಂದು ಕೇಳಿದಳಂತೆ, "ನಮ್ಮನೆಗೆ ಮಾತ್ರ ಯಾಕೆ ಬರ್ಲಿಲ್ಲ? ನಾನು ಕೆಟ್ಟವಳಾ?"

ಗಂಡ "ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು. ಕಾರವಾರದಿಂದ ಅಮ್ಮ "ಅವರ ಹಬ್ಬ ನಮಗೆಂತಕ್ಕೆ?" ಅಂದರು.

ಇದಕ್ಕೂ ಮೊದಲು ಇನ್ನೊಂದು ನಡೆದಿತ್ತು. ದೇವರ ಗೂಡು ಕೂರಿಸಲು ಒಂದು ಭಾನುವಾರ ಗೋಡೆಗೆ ಡ್ರಿಲ್ ಹಾಕಿದ್ದರು. ಕೆಳಗಿನ ಮನೆಯ ಅಜ್ಜಿ ಚೀಟಿ ಅಂಟಿಸಿ ಹೋದರು. ಅಂದಿನಿಂದ ಮೆಟ್ಟಿಲ ಮೇಲೆ ಸದ್ದು ಕೇಳಿದರೆ ಇವರು ಬಾಗಿಲು ತೆಗೆಯುತ್ತಿರಲಿಲ್ಲ. ಆ ಚೀಟಿ ಡ್ರಾಯರ್‌ನಲ್ಲೇ ಇತ್ತು, ಪೂರ್ತಿ ಓದಿರಲಿಲ್ಲ. ನನ್ನೆದುರೇ ಓದಿಸಿದೆ. ಭಾನುವಾರ ದಯವಿಟ್ಟು ಬೇಡ, ಶನಿವಾರ ಮಾಡಿಕೊಳ್ಳಿ. ಅಷ್ಟೇ. ಕೊನೆಗೆ "ಸ್ನೇಹದ ವಂದನೆಗಳು" ಅಂತಿತ್ತು. ಅದು ಕುಹಕ ಅಂತ ಇವರ ಅನುಮಾನ. ವಿಚಾರಿಸಿದರೆ, ನಮ್ಮ "ಇಂತಿ ನಿಮ್ಮ ವಿಶ್ವಾಸಿ" ಇದ್ದ ಹಾಗೆ ಅದು! ಅಲ್ಲಿ ಭಾನುವಾರದ ವಿಶ್ರಾಂತಿಗೆ 1919ರ ಸಂವಿಧಾನದಲ್ಲೇ ರಕ್ಷಣೆ ಇತ್ತು, 1949ರದ್ದೂ ಅದನ್ನು ಉಳಿಸಿಕೊಂಡಿದೆ. ಅಜ್ಜಿಗೆ ಇವರ ಮೇಲೇನೂ ಸಿಟ್ಟಿರಲಿಲ್ಲ.

"ರಜೆಯ ಪಟ್ಟಿ ಗೋಡೆಗೆ ಹಾಕಿದ್ದೆ ಮೇಡಂ, ಆದರೂ ತಪ್ಪಿತು" ಅಂದರು. ತಪ್ಪಲೇಬೇಕು. ನಿಕೋಲಸ್ ದಿನಕ್ಕೆ ಅಲ್ಲಿ ರಜೆ ಇಲ್ಲ. ನವೆಂಬರ್ 11ರ ಆಸುಪಾಸು ಮಕ್ಕಳು ಲಾಟೀನು ಹಿಡಿದು ಮೆರವಣಿಗೆ ಹೋಗುವ ಸಂತ ಮಾರ್ಟಿನ್ ದಿನಕ್ಕೂ ಇಲ್ಲ. ನಮ್ಮ ಶಿರಸಿಯ ಜಾನಪದ ಕುಣಿತ ಬೇಡರ ವೇಷ ಯಾವ ರಜೆ ಪಟ್ಟಿಯಲ್ಲಿದೆ ಹೇಳಿ? ನಾನು ಬಯಲುಸೀಮೆಯವಳು. ಶಿರಸಿಗೆ ಬಂದ ಹೊಸತರಲ್ಲಿ "ಮುಂದಿನ ವರ್ಷ ಮಾರಿಜಾತ್ರೆಗೆ ತಂಗಿಯನ್ನೂ ಕರೆಸ್ತೀನಿ" ಅಂದು ಬೀದಿಯವರನ್ನೆಲ್ಲ ನಗಿಸಿದ್ದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದಿಲ್ಲದ ವರ್ಷ ಹೋಳಿಗೆ ಬೇಡರ ವೇಷ ಅಂತ ಹೇಳಿಕೊಟ್ಟದ್ದು ಪಕ್ಕದ ಮನೆಯಾಕೆ. ಇಂಥದ್ದು ಬಾಯಿಂದಲೇ ತಿಳಿಯಬೇಕು.

ಹಾಗಾಗಿ ನನ್ನ ಸಲಹೆ ಚಿಕ್ಕದು. ಪ್ರತಿ ತಿಂಗಳ ಮೊದಲ ವಾರ ಮಗಳ ಟೀಚರ್‌ಗೆ ಒಂದೇ ಪ್ರಶ್ನೆ: "ಈ ತಿಂಗಳು ಮಕ್ಕಳು ಮನೆಯಲ್ಲಿ ಏನು ಮಾಡ್ತಾರೆ?" ಎಲ್ಲವನ್ನೂ ಆಚರಿಸಬೇಕಿಲ್ಲ. ಮೊದಲೇ ಗೊತ್ತಿದ್ದರೆ ಬೇಡ ಅನ್ನುವುದೂ ನಿಮ್ಮ ಆಯ್ಕೆ ಆಗುತ್ತೆ. ಮಗಳಿಗೆ "ನಿನ್ನ ತಪ್ಪಲ್ಲ, ಅಮ್ಮನಿಗೆ ಗೊತ್ತಿರಲಿಲ್ಲ" ಅಂತ ನೇರವಾಗಿ ಹೇಳಿ. ಇದನ್ನು ಹೇಳಲು ಅವರಿಗೆ ಮೂರು ವಾರ ಬೇಕಾಯಿತು. ಅಮ್ಮನ ಜೊತೆ ವಾದಕ್ಕೆ ಇಳಿಯುವುದು ಬೇಡ ಅಂದೆ.

ಅಜ್ಜಿಯ ವಿಷಯದಲ್ಲಿ ಎಡವಿದ್ದು ನಾನು. ಅವರ ಹುಟ್ಟುಹಬ್ಬದ ದಿನ ಇವರು ಊರಲ್ಲಿ ಇರುವುದಿಲ್ಲ ಅಂತ ಗೊತ್ತಾಗಿ, "ಮೊದಲೇ ವಿಶ್ ಮಾಡಿಬಿಡಿ" ಅಂದೆ. ಜರ್ಮನರಿಗೆ ಮುಂಚಿತವಾಗಿ ಶುಭ ಕೋರುವುದು ಅಪಶಕುನವಂತೆ! ಅಜ್ಜಿ ಎರಡೂ ಕೈ ಅಡ್ಡ ಹಿಡಿದು "ಬೇಡ ಬೇಡ" ಅಂದರಂತೆ. ಆಮೇಲೆ ನಗುತ್ತಾ ಒಳಗೆ ಕರೆದು, ಯಾಕೆ ಅಂತ ಒಂದು ಗಂಟೆ ವಿವರಿಸಿದರಂತೆ.

ಈ ಡಿಸೆಂಬರ್‌ನಲ್ಲಿ ಫೋಟೋ ಬಂತು. ಬಾಗಿಲ ಹೊರಗೆ ಪುಟ್ಟ ಕೆಂಪು ಶೂ, ಪಕ್ಕದಲ್ಲಿ ಗಂಡನದು. ಗಂಡನದರಲ್ಲಿ ಕೆಸರು ಹಾಗೇ ಇತ್ತು. ಒರೆಸದಿದ್ದರೆ ಅವರಿಗೇನೂ ಸಿಗಲ್ಲ ಅಂತ ವಾಪಸ್ ಮೆಸೇಜ್ ಹಾಕಿದೆ.