ಘಾಟಿಯಲ್ಲಿ ಟವರ್ ಸಿಗದವರಿಗೆ ಯಾವ ಜಿಪಿಎಸ್ ಒಳ್ಳೆಯದು?

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಮೂಡಿಗೆರೆ ಹತ್ತಿರ ತೋಟ, ಹಳೇ ಬೊಲೆರೋ, ಮಂಗಳೂರಿಗೂ ಹಾಸನಕ್ಕೂ ಓಡಾಟ. ಕೊಟ್ಟಿಗೆಹಾರ ದಾಟಿದರೆ ಫೋನಿನ ಮ್ಯಾಪ್ ಖಾಲಿಯಾಗುತ್ತದೆ, 15 ಸಾವಿರದೊಳಗೆ ಗಾಡಿಗೆ ಬೇರೆ ಜಿಪಿಎಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಕೆಲವರು 10 ಇಂಚಿನ ಸ್ಟೀರಿಯೋ ಹಾಕಿಸಿ ಅಂದಿದ್ದಾರೆ. ಸ್ಕ್ರೀನ್ ಅಳತೆಯನ್ನು ಕೊನೆಗೆ ನೋಡಿ. ಮ್ಯಾಪ್ ಅದರ ಒಳಗೇ ಇರುತ್ತದಾ, ಇಲ್ಲ ಪ್ರತಿ ಸಲ ಇಂಟರ್ನೆಟ್‌ನಿಂದ ಬರಬೇಕಾ ಅನ್ನೋದೇ ನಮ್ಮ ಕಡೆಗೆ ಮೊದಲ ಪ್ರಶ್ನೆ.

ನೀವು ಎಲ್ಲಿದ್ದೀರಿ ಅಂತ ಹೇಳುವುದು ಟವರ್ ಅಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಿಗ್ನಲ್ ಹಿಡಿದು ಫೋನೇ ಲೆಕ್ಕ ಹಾಕುತ್ತದೆ. ಸಿಮ್ ತೆಗೆದರೂ ಅದು ನಡೆಯುತ್ತದೆ. ಚಾರ್ಮಾಡಿಯಲ್ಲಿ ನಿಮಗೆ ಕೈಕೊಡುತ್ತಿರುವುದು ಮ್ಯಾಪಿನ ಚಿತ್ರ ಮತ್ತು ದಾರಿ ಹುಡುಕುವ ಕೆಲಸ, ಅವೆರಡೂ ಡೇಟಾದಿಂದ ಬರುತ್ತಿವೆ. ಮ್ಯಾಪನ್ನು ಮೊದಲೇ ಇಳಿಸಿಕೊಂಡರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಮುಗಿಯಿತು.

ಇನ್ನರ್ಧ ಘಾಟಿಯ ಆಕಾಶದ್ದು. ಒಂದು ಕಡೆ ಗುಡ್ಡ, ಮೇಲೆ ಮರ, ಕಾಣುವ ಆಕಾಶ ಚೂರೇ ಚೂರು. ಜಾಗ ಸರಿಯಾಗಿ ಹೇಳಲು ಕನಿಷ್ಠ 4 ಉಪಗ್ರಹ ಸಿಗಬೇಕು. ಅಮೆರಿಕದ ಜಿಪಿಎಸ್ ಒಂದನ್ನೇ ಹಿಡಿಯುವ ಹಳೇ ಯಂತ್ರ ಇಲ್ಲಿ ಒದ್ದಾಡುತ್ತದೆ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೂ ಇವನ್ನೂ ಹಿಡಿಯುವಂಥದ್ದು ನೋಡಿ. ಬಂಡೆಗೆ ಬಡಿದು ತಡವಾಗಿ ಬರುವ ಸಿಗ್ನಲ್ ಕೂಡ ಲೆಕ್ಕ ಕೆಡಿಸುತ್ತದೆ, ಆಗ ಗಾಡಿ ಪಕ್ಕದ ತೋಟದಲ್ಲಿ ಹೋಗುತ್ತಿರುವ ಹಾಗೆ ಕಾಣುತ್ತದೆ. ಎಲ್1, ಎಲ್5 ಎರಡೂ ತರಂಗ ಹಿಡಿಯುವ ಫೋನಿನಲ್ಲಿ ಈ ಕಾಟ ಕಡಿಮೆ.

ಇಲ್ಲೇ ಒಬ್ಬರು ನಾವಿಕ್ ಬಗ್ಗೆ ಕೇಳಿದ್ದಾರೆ. ಅದು ಜಿಪಿಎಸ್ ಥರಾನೇ ಜಾಗ ಹೇಳುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ, ಇಸ್ರೋದ್ದು, ಮೊದಲ ಉಪಗ್ರಹ ಹೋಗಿದ್ದು 2013ರ ಜುಲೈನಲ್ಲಿ. ಆ ಉಪಗ್ರಹಗಳನ್ನು ನೋಡಿಕೊಳ್ಳುವುದರಲ್ಲಿ ನಮ್ಮ ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಕೈಯೂ ಇದೆ, ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಹಳೇ ಉಪಗ್ರಹಗಳಲ್ಲಿ ಕೆಲವದರ ಪರಮಾಣು ಗಡಿಯಾರಗಳು ಕೆಟ್ಟಿವೆ, ಸಮಯ ಸರಿಯಿಲ್ಲದಿದ್ದರೆ ಜಾಗದ ಲೆಕ್ಕವೂ ಸರಿ ಬರುವುದಿಲ್ಲ. ಹಾಗಾಗಿ ನಾವಿಕ್ ಇದ್ದರೆ ಒಳ್ಳೆಯದು, ಅದೊಂದಕ್ಕೇ ಅಂತ ದುಡ್ಡು ಹಾಕಬೇಡಿ.

ಈಗ ಕೊಳ್ಳುವ ವಿಷಯ. ಅಂಗಡಿಗೆ ಹೋಗಿ ಸುಮ್ನೆ 'ಜಿಪಿಎಸ್ ಕೊಡಿ' ಅಂದರೆ ಟ್ರ್ಯಾಕರ್ ಕೊಡುವ ಸಾಧ್ಯತೆ ಜಾಸ್ತಿ. ಅದು ಸಿಮ್ ಹಾಕಿ ಗಾಡಿ ಎಲ್ಲಿದೆ ಅಂತ ಮಾಲೀಕರಿಗೆ ತಿಳಿಸುವ ಪೆಟ್ಟಿಗೆ. ದಾರಿ ತೋರಿಸುವುದಿಲ್ಲ. ನಿಮಗೆ ಬೇಕಾದ್ದು ಅದಲ್ಲ.

ಗಾರ್ಮಿನ್ ಥರದ ಬರೀ ದಾರಿ ತೋರಿಸುವ ಯಂತ್ರ ಗಟ್ಟಿಯಾಗಿರುತ್ತದೆ, ಮ್ಯಾಪೂ ಒಳಗೇ ಇರುತ್ತದೆ. ಆದರೆ ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವ ಮುಂಚೆ ಎಚ್ಚರ. ಅಲ್ಲಿ ಮಾರುವ ಎಷ್ಟೋ ಮಾಡೆಲ್‌ಗಳಲ್ಲಿ ಉತ್ತರ ಅಮೆರಿಕದ ಮ್ಯಾಪ್ ಮಾತ್ರ ಇರುತ್ತದೆ. ಭಾರತದ ಮ್ಯಾಪ್ ಇದೆಯಾ, ಅದನ್ನು ಹೊಸದು ಮಾಡಿಕೊಳ್ಳಲು ಎಷ್ಟು ಕೊಡಬೇಕು, ಎರಡೂ ಕೇಳಿ ತಿಳಿದುಕೊಳ್ಳಿ. ನಮ್ಮ ತೋಟದ ದಾರಿಗಳು ಅದರಲ್ಲಿ ಇರುತ್ತವೆ ಅನ್ನೋ ನಂಬಿಕೆ ಇಟ್ಟುಕೊಳ್ಳಬೇಡಿ.

ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸುವುದೇ ಆದರೆ ರ‍್ಯಾಮ್ 4 ಜಿಬಿಗಿಂತ ಕಡಿಮೆ ಬೇಡ. ಜಿಪಿಎಸ್ ಆಂಟೆನಾಕ್ಕೆ ಬೇರೆ ವೈರ್ ಬರುತ್ತದೆ. ಅದನ್ನು ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡದಲ್ಲಿ ಅಂಟಿಸಲು ಹೇಳಿ. ಸ್ಟೀರಿಯೋ ಹಿಂದೆ ಲೋಹದ ನಡುವೆ ತುರುಕಿದರೆ ಎಷ್ಟು ಒಳ್ಳೇ ಸೆಟ್ಟಾದರೂ ಕಣ್ಣು ಕಟ್ಟಿದ ಹಾಗೆ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಬಜೆಟ್‌ಗೆ ಒಂದು ಫೋನನ್ನು ಗಾಡಿಗೇ ಅಂತ ಮೀಸಲಿಡಿ. ಮನೆಯಲ್ಲಿ ಸುಮ್ನೆ ಬಿದ್ದಿರುವ ಫೋನಾದರೂ ಸರಿ, ಬ್ಯಾಟರಿ ಚೆನ್ನಾಗಿರಬೇಕು. ಮನೆ ವೈಫೈನಲ್ಲಿ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಮ್ಯಾಪ್ ಇಳಿಸಿ: ಚಿಕ್ಕಮಗಳೂರು, ಹಾಸನ, ದಕ್ಷಿಣ ಕನ್ನಡ ಮೂರೂ ಸೇರುವಂತೆ. ಅದಕ್ಕೆ ಅವಧಿ ಇದೆ, ಆಗಾಗ ಅಪ್‌ಡೇಟ್ ಮಾಡಿ. ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ. ಇದು ಉಚಿತ, ಪೂರ್ತಿ ಆಫ್‌ಲೈನ್ ನಡೆಯುತ್ತದೆ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ್ದು, ಅಂದರೆ ನಿಮ್ಮೂರಿನ ದಾರಿ ಅದರಲ್ಲಿ ಇಲ್ಲದಿದ್ದರೆ ನೀವೇ ಸೇರಿಸಬಹುದು. ನಮ್ಮ ಗುಂಪಿನವರು ಒಬ್ಬೊಬ್ಬರು ತಮ್ಮ ತಮ್ಮ ಊರಿನ ದಾರಿ ಸೇರಿಸಿದರೂ ಮಲೆನಾಡಿಗೆ ಎಷ್ಟು ಉಪಕಾರ ಅಲ್ವಾ!

ಒಂದು ವಿಷಯ ನೆನಪಿಡಿ. ಡೇಟಾ ಇಲ್ಲದ ಫೋನು ಮೊದಲ ಸಲ ಉಪಗ್ರಹ ಹಿಡಿಯಲು ತಡ ಮಾಡುತ್ತದೆ. ಡೇಟಾ ಇದ್ದಾಗ ಉಪಗ್ರಹಗಳ ಮಾಹಿತಿ ಇಂಟರ್ನೆಟ್‌ನಿಂದ ತಕ್ಷಣ ಬರುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನಕ್ಕೆ ಇಳಿಯಬೇಕು. ಜಿಪಿಎಸ್‌ನ ಪೂರ್ತಿ ಸಂದೇಶ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಅಷ್ಟೂ ಬರುವ ತನಕ ಕಾಯಬೇಕಿಲ್ಲ, ಆದರೂ ಅಂಗಳದಲ್ಲಿ ಆಕಾಶ ಕಾಣುವ ಕಡೆ ಫೋನ್ ಇಟ್ಟು, ಜಾಗ ಹಿಡಿದ ಮೇಲೆ ಹೊರಡಿ. ಘಾಟಿ ಮಧ್ಯದಲ್ಲಿ ಶುರು ಮಾಡಬೇಡಿ.

ಏನೇ ತಗೊಳ್ಳಿ, ದುಡ್ಡು ಕೊಡುವ ಮುಂಚೆ ಅಂಗಡಿಯ ಹೊರಗೆ ಬಂದು ಪರೀಕ್ಷೆ ಮಾಡಿ. ಡೇಟಾ, ವೈಫೈ ಎರಡೂ ಆಫ್ ಮಾಡಿಸಿ. ಸಕಲೇಶಪುರದಿಂದ ಬಿಸಿಲೆ ಘಾಟಿ ಮೇಲೆ ಸುಬ್ರಹ್ಮಣ್ಯಕ್ಕೆ ದಾರಿ ಕೇಳಿ. ತೋರಿಸದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆಂಡ್ರಾಯ್ಡ್ ಆದರೆ ಜಿಪಿಎಸ್‌ಟೆಸ್ಟ್ ಅನ್ನೋ ಆ್ಯಪ್ ಹಾಕಿ ನೋಡಿ, ಯಾವ ದೇಶದ ಎಷ್ಟು ಉಪಗ್ರಹ ಸಿಗುತ್ತಿವೆ ಅಂತ ಬಾವುಟದ ಸಮೇತ ತೋರಿಸುತ್ತದೆ.

ಹೋಲ್ಡರ್‌ನಲ್ಲಿ ಉಳಿತಾಯ ಬೇಡ. ತೋಟದ ದಾರಿಯ ಕುಲುಕಾಟಕ್ಕೆ ಗಾಜಿಗೆ ಅಂಟುವ ರಬ್ಬರ್ ಕಪ್‌ನ ಹೋಲ್ಡರ್ ಬಿದ್ದುಹೋಗುತ್ತದೆ, ಸ್ಕ್ರೂ ಹಾಕಿ ಕೂರಿಸುವುದೇ ವಾಸಿ. ಗಾಜಿನ ಮಧ್ಯಕ್ಕೆ ಎತ್ತರದಲ್ಲಿ ಇಟ್ಟರೆ ತಿರುವಿನಲ್ಲಿ ಎದುರು ಬರುವ ಬಸ್ಸೇ ಮರೆಯಾಗುತ್ತದೆ, ಕೆಳಗೆ ಇಡಿ. ಪೊಲೀಸರ ಭಯ ಬೇಡ: 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಲ್ಲಿ, ಚಾಲಕರ ಗಮನ ಕೆಡದ ಹಾಗೆ ದಾರಿ ನೋಡಲು ಮಾತ್ರ ಫೋನ್ ಬಳಸಬಹುದು. ಮಂಜಿನಲ್ಲಿ ಸ್ಕ್ರೀನ್ ಬೆಳಕು ತಗ್ಗಿಸಿ, ಕನ್ನಡ ಧ್ವನಿ ಹಾಕಿಕೊಂಡರೆ ಕಣ್ಣು ರಸ್ತೆ ಮೇಲಿರುತ್ತದೆ.

ಮಳೆಗಾಲದಲ್ಲಿ ಮಾತ್ರ ಇಳಿಸಿಟ್ಟ ಮ್ಯಾಪನ್ನು ಪೂರ್ತಿ ನಂಬಬೇಡಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿತ್ತು. ಅಂಥ ಸುದ್ದಿ ಆಫ್‌ಲೈನ್ ಮ್ಯಾಪಿಗೆ ಗೊತ್ತಾಗುವುದಿಲ್ಲ. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ಜಿಲ್ಲಾಡಳಿತದ ಆದೇಶ ನೋಡಿಕೊಂಡೇ ಹೊರಡಿ.

ತೋಟದ ಮನೆಗೆ ಬರುವವರಿಗೆ ಅಕ್ಷಾಂಶ, ರೇಖಾಂಶ ಕಳಿಸುವುದಾದರೆ ಮೂಡಿಗೆರೆ ಕಡೆ 13ರ ಅಂಕಿ ಮೊದಲು, 75ರದ್ದು ಆಮೇಲೆ. ತಿರುಗಿಸಿ ಹಾಕಿದರೆ ಮ್ಯಾಪ್ ನಾರ್ವೆಯ ಉತ್ತರದ ಸಮುದ್ರಕ್ಕೆ ಹೋಗುತ್ತದೆ.

ನಿಮ್ಮ ಹತ್ತಿರ ಈಗಿರುವ ಹಳೇ ಫೋನ್ ಯಾವ ಮಾಡೆಲ್ ಅಂತ ಇಲ್ಲೇ ಹಾಕಿ, ಅದು ಸಾಕಾಗುತ್ತದಾ ನೋಡಿ ಹೇಳುತ್ತೇನೆ.