ಬ್ಯಾಟರಿ ಹೊಸದು, ಗಾಡಿ ಮಾತ್ರ ಘಾಟಿಯಲ್ಲೇ ನಿಲ್ಲುತ್ತದೆ

ಪ್ರಶ್ನೆ: ಸರ್, ಮೂರು ತಿಂಗಳ ಹಿಂದೆ ಶಿವಮೊಗ್ಗದಲ್ಲಿ 1994ರ ಯಮಹಾ ಆರ್‌ಎಕ್ಸ್ 100 ಬೈಕ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಹೊಸ ಪೇಂಟ್ ಹೊಡೆಸಿದ್ದರು, ಪಳಪಳ ಹೊಳೆಯುತ್ತಿತ್ತು. ಬೆಳಗ್ಗೆ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಹೆಬ್ರಿ ಕಡೆಯಿಂದ ಬರುವಾಗ ಆಗುಂಬೆ ಘಾಟಿಯ ಅರ್ಧದಲ್ಲಿ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್. ಹಾರ್ನ್ ಸಣ್ಣಗೆ ಕೂಗುತ್ತದೆ. ಹೆಡ್‌ಲೈಟ್ ಬಲ್ಬ್ ಎರಡು ಸಲ ಸುಟ್ಟುಹೋಯಿತು. ಮೆಕ್ಯಾನಿಕ್ ಬ್ಯಾಟರಿ, ಪ್ಲಗ್, ಕಾರ್ಬೊರೇಟರ್ ಕಿಟ್ ಎಲ್ಲ ಬದಲಿಸಿದರು. ಈಗ ಇಂಜಿನ್ ಬಿಚ್ಚಬೇಕು ಅಂತಿದ್ದಾರೆ. ಬಿಚ್ಚಿಸಲಾ?
— ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ಇಲ್ಲಿಯವರೆಗೆ ನಿಮ್ಮ ಗಾಡಿಯಲ್ಲಿ ಸಾಮಾನು ಬದಲಿಸಿದ್ದಾರೆ, ಯಾರೂ ಏನನ್ನೂ ಅಳೆದು ನೋಡಿದಂತೆ ಕಾಣುವುದಿಲ್ಲ.

ಮೊದಲು ಬ್ಯಾಟರಿ ವಿಷಯ ಮುಗಿಸಿಬಿಡೋಣ. ನಿಮ್ಮ ಗಾಡಿಯ ಕಿಡಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. 1985ರಿಂದ 1996ರವರೆಗೆ ಬಂದ ಈ 98 ಸಿಸಿ ಟೂ ಸ್ಟ್ರೋಕ್ ಗಾಡಿಯಲ್ಲಿ, ಎಡಗಡೆಯ ಕವರ್ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ. ಅಲ್ಲೇ ಒಳಗೆ ಕೂತಿರುವ ಒಂದು ಕಾಯಿಲ್ ಕರೆಂಟ್ ಹುಟ್ಟಿಸಿ, ಸರಿಯಾದ ಹೊತ್ತಿಗೆ ಕಿಡಿ ಬಿಡಿಸುವ ಸಿಡಿಐ ಡಬ್ಬಿಗೆ ಕಳಿಸುತ್ತದೆ. ಅಲ್ಲಿಂದ ಇಗ್ನಿಷನ್ ಕಾಯಿಲ್, ಅಲ್ಲಿಂದ ಪ್ಲಗ್. ಬ್ಯಾಟರಿ ಇರುವುದು ಹಾರ್ನ್, ಇಂಡಿಕೇಟರ್‌ಗಳಂಥ ಕೆಲಸಕ್ಕೆ. ಅದನ್ನು ಬಿಚ್ಚಿ ಮನೆಯಲ್ಲಿಟ್ಟರೂ ಗಾಡಿ ಸ್ಟಾರ್ಟ್ ಆಗಬೇಕು. ಹಾಗಾಗಿ ಘಾಟಿಯಲ್ಲಿ ನಿಲ್ಲುವ ಗಾಡಿಗೆ ಬ್ಯಾಟರಿ ಹಾಕಿಸಿದ್ದು, ಜ್ವರ ಬಂದವನಿಗೆ ಹೊಸ ಚಪ್ಪಲಿ ಕೊಡಿಸಿದಂತೆ.

ಇನ್ನು ನಿಲ್ಲುವ ವಿಷಯ. ಅದು ಹೇಗೆ ನಿಲ್ಲುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಮೊದಲು ಮುಕ್ಕರಿಸುತ್ತದೆ, ಎಳೆತ ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಪಿಸ್ಟನ್ ಕಾದು ಹಿಡಿಯುವ ಹಾಗಿದ್ದರೆ ಹಿಂದಿನಿಂದ ಯಾರೋ ಎಳೆದ ಹಾಗೆ ಅನಿಸುತ್ತದೆ, ಕಿಕ್ಕರ್ ಬಿಗಿಯಾಗುತ್ತದೆ. ಕಿಡಿ ಹೋದರೆ ಮಾತ್ರ ಸ್ವಿಚ್ ಆಫ್ ಮಾಡಿದಂತೆ ಒಂದೇ ಏಟಿಗೆ ನಿಲ್ಲುವುದು. ನೀವು ಬರೆದದ್ದು "ಇದ್ದಕ್ಕಿದ್ದಂತೆ ಆಫ್" ಅಂತ. ನನ್ನ ಅನುಮಾನ ಕಿಡಿಯ ಮೇಲೆ.

ಆದರೂ ಅನುಮಾನ ಅನುಮಾನವೇ, ಅಲ್ವಾ? ಮುಂದಿನ ಸಲ ಜೇಬಿನಲ್ಲಿ ಒಂದು ಹೆಚ್ಚುವರಿ ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್ ಇಟ್ಟುಕೊಳ್ಳಿ. ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮುಂಚೆ, ಎರಡು ಪರೀಕ್ಷೆ ಮಾಡಿ. ಒಂದು, ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದರೆ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ. ನಮ್ಮ ಕಡೆ ಇದು ಅಪರೂಪವೇನಲ್ಲ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ನಿಂತಿದ್ದ ಒಂದು ಗಾಡಿಯ ಆ ತೂತಿಗೆ ಕಣಜದ ಹುಳ ಅಚ್ಚುಕಟ್ಟಾಗಿ ಮಣ್ಣು ಮೆತ್ತಿದ್ದನ್ನು ನಾನೇ ಸೂಜಿ ಹಾಕಿ ತೆಗೆದಿದ್ದೇನೆ. ಅದಕ್ಕೂ ಮುಂಚೆ ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ತೊಳೆದಿದ್ದೆ ಅನ್ನುವುದು ಬೇರೆ ಮಾತು.

ಎರಡು, ಟ್ಯಾಂಕ್ ಮುಚ್ಚಳ ಭದ್ರವಾಗಿ ಹಾಕಿ, ಪೆಟ್ರೋಲ್ ವಾಸನೆ ಹೋಗಲು ಒಂದು ನಿಮಿಷ ಬಿಟ್ಟು ಕಿಡಿ ನೋಡಿ. ಪ್ಲಗ್ ಕ್ಯಾಪ್ ಕಿತ್ತು ಜೇಬಿನ ಪ್ಲಗ್ಗಿಗೆ ಹಾಕಿ. ಇಂಜಿನ್ನಿನಲ್ಲಿರುವ ಪ್ಲಗ್ ಅಲ್ಲೇ ಇರಲಿ. ಹೊರಗಿನ ಪ್ಲಗ್ಗಿನ ಲೋಹದ ಮೈ ಇಂಜಿನ್ನಿನ ಬರಿ ಲೋಹಕ್ಕೆ ತಾಗಿರುವಂತೆ ಇಟ್ಟು ಕಿಕ್ ಹೊಡೆಯಿರಿ. ಕೈಯಲ್ಲಿ ಹಿಡಿಯಬೇಡಿ, ಜೋರಾಗಿ ಹೊಡೆಯುತ್ತದೆ. ಪ್ಲಗ್ ಎಲ್ಲಿಗೂ ತಾಗಿಸದೆ ಸುಮ್ನೆ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯುವುದೂ ಬೇಡ, ಸಿಡಿಐ ಕೆಡಬಹುದು. ನೀಲಿ ಕಿಡಿ ಚಟಪಟ ಬಂದರೆ ಕರೆಂಟ್ ಸರಿ ಇದೆ, ಪೆಟ್ರೋಲ್ ಕಡೆ ಹುಡುಕಿ. ಕಿಡಿಯೇ ಇಲ್ಲ, ಇಪ್ಪತ್ತು ನಿಮಿಷ ಬಿಟ್ಟರೆ ಬರುತ್ತದೆ ಅಂದರೆ ಹೆಚ್ಚಾಗಿ ಮ್ಯಾಗ್ನೆಟ್ ಒಳಗಿನ ಕಾಯಿಲ್ ಕಾದಾಗ ಬಿಟ್ಟುಕೊಳ್ಳುತ್ತಿದೆ. ಮೂವತ್ತು ವರ್ಷದ ತಾಮ್ರದ ತಂತಿ ಅದು. ಬಿಸಿಗೆ ಹಿಗ್ಗಿದಾಗ ಒಳಗಿನ ಸಣ್ಣ ಬಿರುಕು ಬಾಯಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ವರ್ಕ್‌ಶಾಪಿಗೆ ಹೋಗುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತದೆ. ಅದಕ್ಕೇ ಯಾರಿಗೂ ಸಿಗುವುದಿಲ್ಲ.

ಮಲ್ಟಿಮೀಟರ್ ಇದ್ದರೆ ಕಾಯಿಲ್ ಅನ್ನು ತಣ್ಣಗಿದ್ದಾಗ ಒಮ್ಮೆ, ಕಾದಾಗ ಒಮ್ಮೆ ಅಳೆಯಿರಿ. ಇಲ್ಲಿ ಒಂದು ಎಚ್ಚರ. ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿ ಬಿಸಿಗೂ ಸುಮಾರು 0.4% ಏರುತ್ತದೆ. ತಣ್ಣಗಿದ್ದಾಗ 300 ಓಮ್ ಇದ್ದದ್ದು 60 ಡಿಗ್ರಿ ಜಾಸ್ತಿ ಕಾದಾಗ 370ರ ಹತ್ತಿರ ತೋರಿಸಿದರೆ ಅದು ಸಹಜ. ಮೀಟರ್ ಏನೂ ತೋರಿಸದೇ ಹೋದರೆ, ಇಲ್ಲ ಮುಳ್ಳು ಕುಣಿದ ಹಾಗೆ ಅಂಕಿ ಕುಣಿದರೆ ಕಾಯಿಲ್ ಹೋಗಿದೆ. ಇದಕ್ಕೆ ಘಾಟಿಗೇ ಹೋಗಬೇಕೆಂದಿಲ್ಲ. ಕವರ್ ತೆಗೆದು ತಲೆಕೂದಲು ಒಣಗಿಸುವ ಡ್ರೈಯರ್‌ನಲ್ಲಿ ಬಿಸಿ ಮಾಡಿದರೂ ಆಯಿತು.

ಹಾರ್ನ್, ಬಲ್ಬಿನ ಕಥೆ ಬೇರೆ ಇರಬಹುದು. ಹಳೇ ಗಾಡಿಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಕಾರಣ ಹುಡುಕಬಾರದು. ನನ್ನ ಕಣ್ಣು ಹೋಗುವುದು ನಿಮ್ಮ ಪಳಪಳ ಪೇಂಟಿನ ಮೇಲೆ. ಗಾಡಿ ಪೂರ್ತಿ ಬಿಚ್ಚಿ ಪೇಂಟ್ ಹೊಡೆಯುವಾಗ ಅರ್ಥ್ ವೈರ್ (ಗಾಡಿಯ ಲೋಹದ ಮೈ ಮೂಲಕ ಕರೆಂಟ್ ವಾಪಸ್ ಹೋಗುವ ದಾರಿ) ಕೂರುವ ಜಾಗ, ಇಗ್ನಿಷನ್ ಕಾಯಿಲ್ ಬೋಲ್ಟ್, ರೆಗ್ಯುಲೇಟರ್ ಕೂರುವ ಜಾಗ ಎಲ್ಲದಕ್ಕೂ ಬಳಿದಿರುತ್ತಾರೆ. ಪೇಂಟ್ ಮೇಲೆ ಕರೆಂಟ್ ಹರಿಯುವುದಿಲ್ಲ. ರೆಗ್ಯುಲೇಟರ್‌ಗೆ ಅರ್ಥ್ ಸಿಗದಿದ್ದರೆ ಅದು ವೋಲ್ಟೇಜ್ ತಡೆಯುವುದಿಲ್ಲ, ರೇಸ್ ಕೊಟ್ಟಾಗ ಬಲ್ಬ್ ಸುಡುತ್ತದೆ. ಹಾರ್ನ್ ಒತ್ತಿ ಹಿಡಿದು, ಬ್ಯಾಟರಿಯ ಮೈನಸ್ಸಿಗೂ ಇಂಜಿನ್ನಿನ ಬರಿ ಲೋಹಕ್ಕೂ ಮೀಟರ್ ಇಡಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ಕೆಟ್ಟಿದೆ. ಈ ಜಾಗಗಳನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಲೋಹ ಕಾಣಿಸಿ, ಬೋಲ್ಟ್ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಆಗುಂಬೆಯ ಮಳೆಗೆ ಗ್ರೀಸ್ ಇಲ್ಲದ ಅರ್ಥ್ ಒಂದು ವರ್ಷವೂ ಬಾಳುವುದಿಲ್ಲ. ಹತ್ತು ರೂಪಾಯಿಯ ಉಪ್ಪುಕಾಗದ, ಅರ್ಧ ದಿನದ ಕೆಲಸ. ಹೆಡ್‌ಲೈಟ್ ವೋಲ್ಟೇಜ್ ಅಳೆಯುವಾಗ ಮಾತ್ರ ಮೀಟರ್ ಎಸಿಯಲ್ಲಿರಲಿ, ಏಕೆಂದರೆ ಅಲ್ಲಿಗೆ ಎಸಿ ಕರೆಂಟ್ ಮ್ಯಾಗ್ನೆಟ್ಟಿನಿಂದ ನೇರವಾಗಿ ಬರುತ್ತದೆ.

ಕಾಯಿಲ್, ಅರ್ಥ್ ಎರಡೂ ಸರಿ ಇದ್ದು ಆಗಲೂ ನಿಂತರೆ ಆಗ ಇಂಜಿನ್ ಮಾತು. ಆಗಲೂ ಮೊದಲು ಕೇಳಬೇಕಾದ್ದು, ಹಿಂದಿನ ಮಾಲೀಕರು ಆಯಿಲ್ ಪಂಪ್ ತೆಗೆಸಿದ್ದಾರಾ ಅಂತ. ತೆಗೆಸಿದ್ದರೆ ಟೂಟಿ ಆಯಿಲನ್ನು (ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್) ನೀವೇ ಪೆಟ್ರೋಲಿಗೆ ಬೆರೆಸಬೇಕು, ಲೀಟರಿಗೆ 20ರಿಂದ 25 ಎಂಎಲ್. ಇನ್ನೊಂದು, ಈಗ ಬಂಕಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಗಾಡಿ ನಿಲ್ಲಿಸಬೇಡಿ.

ಪ್ರಶ್ನೆ: ಹಳೇ ಡೀಸೆಲ್ ಜೀಪು. ತೋಟದ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ. ಓಡಿಸುತ್ತಿದ್ದರೆ ಏನೂ ತೊಂದರೆ ಇಲ್ಲ, ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಎತ್ತುವುದಿಲ್ಲ. ಚಾರ್ಜಿಂಗ್ 14.2 ವೋಲ್ಟ್ ಇದೆ. ಬ್ಯಾಟರಿ ಆರು ತಿಂಗಳದ್ದು.
— ಹೊಸನಗರದ ಓದುಗರು

ಉತ್ತರ: ನೀವು ಅಳೆದು ಬರೆದಿದ್ದೀರಿ, ಅರ್ಧ ಕೆಲಸ ಮುಗಿದಿದೆ. ಚಾರ್ಜಿಂಗ್ ಸರಿ ಇದೆ. ಜೀಪು ನಿಂತಾಗ ಯಾವುದೋ ದಾರಿಯಲ್ಲಿ ಕರೆಂಟ್ ಸೋರುತ್ತಿದೆ.

ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕೇಬಲ್ ಕಿತ್ತು, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪ್‌ನಲ್ಲಿಟ್ಟು ಜೋಡಿಸಿ. ಮೀಟರ್ ಹಾಗೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಸುಟ್ಟುಹೋಗುತ್ತದೆ. ಕಂಪ್ಯೂಟರ್ ಇಲ್ಲದ ಹಳೇ ಜೀಪಿನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಒಂದು ಆಂಪ್ ಸೋರಿದರೂ ದಿನಕ್ಕೆ 24 ಆಂಪ್ ಅವರ್ ಹೋಯಿತು. 70 ಆಂಪ್ ಅವರ್ ಬ್ಯಾಟರಿ ಎರಡು ದಿನಕ್ಕೆ ಮೂರನೇ ಎರಡು ಭಾಗ ಖಾಲಿ. ನಿಮ್ಮ ಲೆಕ್ಕಕ್ಕೆ ಸರಿ ಕೂರುತ್ತದೆ ನೋಡಿ.

ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಕಳ್ಳ ಆ ಕಡೆ. ಯಾವುದಕ್ಕೂ ಬೀಳದಿದ್ದರೆ ಬ್ಯಾಟರಿ ಪೂರ್ತಿ ಬಿಚ್ಚಿಟ್ಟು, ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ದಪ್ಪ ವೈರ್ ತೆಗೆದು ಮತ್ತೆ ಅಳೆಯಿರಿ. ಆಗ ಬಿದ್ದರೆ ಒಳಗಿನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಹೋಗಿದೆ. ಚಾರ್ಜಿಂಗ್ ಚೆನ್ನಾಗಿ ತೋರಿಸುತ್ತಲೇ ರಾತ್ರಿ ಹೊತ್ತು ಸೋರುವುದು ಅದಕ್ಕೆ ಗೊತ್ತು. ಅದೂ ಅಲ್ಲವಾದರೆ ಆಮೇಲೆ ಹಾಕಿಸಿದ ಫಾಗ್ ಲ್ಯಾಂಪ್, ಮ್ಯೂಸಿಕ್ ಸಿಸ್ಟಂ ವೈರ್ ನೋಡಿ. ಫ್ಯೂಸ್ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದಿರುತ್ತಾರೆ. ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೀರಾದರೆ ಇಲಿ ಕಡಿದ ವೈರ್ ಇದೆಯಾ ಅಂತ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಡಿ.

ಪ್ರಶ್ನೆ: ಕಳೆ ಹೊಡೆಯುವ ಮಷಿನ್ ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟರೆ ನಿಲ್ಲುತ್ತದೆ. ಟೂ ಸ್ಟ್ರೋಕ್. ಏನಿರಬಹುದು?
— ಕೊಪ್ಪದ ಓದುಗರು

ಉತ್ತರ: ಮೊದಲು ಸೈಲೆನ್ಸರ್ ಬಾಯಿಯ ಜಾಲರಿ ತೆಗೆದು ನೋಡಿ. ಕರಿ ಕಟ್ಟಿದ್ದರೆ ತಂತಿ ಬ್ರಷ್‌ನಲ್ಲಿ ಉಜ್ಜಿ. ಅದು ಸರಿ ಇದ್ದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್, ಅದೂ ಸರಿ ಇದ್ದರೆ ಕಾರ್ಬೊರೇಟರ್ ಒಳಗಿನ ತೆಳು ಪೊರೆ. ಹೋದ ವರ್ಷದ ಪೆಟ್ರೋಲ್ ಒಳಗೇ ಬಿಟ್ಟಿದ್ದರೆ ಆ ಪೊರೆ ಗಟ್ಟಿಯಾಗಿರುತ್ತದೆ. ನಿಲ್ಲುವ ಮುಂಚೆ ಸದ್ದು ಕೀರಲಾಗಿ ಏರಿದರೆ ಮಾತ್ರ ಮತ್ತೆ ಮತ್ತೆ ಓಡಿಸಿ ನೋಡಬೇಡಿ. ಪೆಟ್ರೋಲ್ ಜೊತೆ ಆಯಿಲೂ ಸಾಲುತ್ತಿಲ್ಲ ಎಂದರ್ಥ, ಪಿಸ್ಟನ್ ಗೀರುತ್ತದೆ.